ಎಡಗಡೆಯ ಸ್ಪೀಕರ್

ಆ ದಿನಗಳಲ್ಲಿ ನಮ್ಮ ಮನೆಯ ಫ್ಯಾನು ಸಂಜೆ ಆರಕ್ಕೆ ನಿಲ್ಲುತ್ತಿತ್ತು. ಮೇ ತಿಂಗಳು, ಮದರಾಸಿನವರು ಕತ್ತಿರಿ ಎನ್ನುವ ಸುಡುಬಿಸಿಲು. ಕಿಟಕಿಗಳೆಲ್ಲ ಮುಚ್ಚಿ, ಮೇಲೆ ಫ್ಯಾನೂ ಇಲ್ಲ. ‘ಆ ದಿನಗಳಲ್ಲಿ’ ಎಂದು ಶುರುಮಾಡಿದ ಕೂಡಲೇ ನೆನಪು ತಲೆ ಬಾಚಿಕೊಂಡು, ಪೌಡರು ಹಚ್ಚಿಕೊಂಡು ಫೋಟೋಗೆ ನಿಂತುಬಿಡುತ್ತದೆ. ಅದನ್ನು ನಾನು ನಂಬುವುದಿಲ್ಲ. ಬೆವರನ್ನು ನಂಬುತ್ತೇನೆ. ಕುತ್ತಿಗೆಯ ಹಿಂದಿನಿಂದ ಇಳಿದು ಫ್ರಾಕಿನ ಬೆನ್ನು ಒದ್ದೆ ಮಾಡುತ್ತಿದ್ದ ಆ ಬೆವರು ಬರೀ ಸೆಕೆಯದಲ್ಲ ಎಂದು ನನಗೊಬ್ಬಳಿಗೇ ಗೊತ್ತಿತ್ತು.

ತೊಂಬತ್ತೆಂಟೋ ತೊಂಬತ್ತೊಂಬತ್ತೋ ಇರಬೇಕು. ನನಗೆ ಹತ್ತು ವರ್ಷ. ಕೀಲ್ಪಾಕಿನಲ್ಲಿ ಮಹಡಿಯ ಮೇಲಿನ ಪೋರ್ಷನ್ನು ನಮ್ಮದು. ನುಂಗಂಬಾಕ್ಕಂನ ಆಫೀಸಿನಿಂದ ಬರುತ್ತಿದ್ದ ಅಪ್ಪನನ್ನು ನಾನು ‘ಅಣ್ಣ’ ಎಂದೇ ಕರೆಯುತ್ತಿದ್ದೆ. ನಮ್ಮ ಕಡೆಯವರಲ್ಲಿ ಅದೇ ರೂಢಿ. ಅಣ್ಣ ಕಾಲು ತೊಳೆದು, ಕಾಫಿ ಕುಡಿದು, ಕಿಟಕಿ ಮುಚ್ಚಿ, ಫ್ಯಾನು ಆರಿಸುತ್ತಿದ್ದರು. ಫ್ಯಾನಿನ ಸದ್ದಿದ್ದರೆ ಆಂಪ್ಲಿಫೈಯರಿನ ನಿಜಸ್ವರೂಪ ಗೊತ್ತಾಗದು.

ಆಂಪ್ಲಿಫೈಯರುಗಳು ಎರಡು. ಒಂದು ನಮ್ಮದೇ, ವಾಲ್ವಿನದು, ಅಣ್ಣ ವರ್ಷಗಟ್ಟಲೆ ಭಾಗಗಳನ್ನು ಹುಡುಕಿ ಜೋಡಿಸಿಕೊಂಡದ್ದು. ಹೊತ್ತಿಸಿದರೆ ಗಾಜಿನ ಬುರುಡೆಗಳು ಕೆಂಪಗೆ ಬೆಳಗಿ ಬಿಸಿ ಧೂಳಿನ ವಾಸನೆ ಬರುತ್ತಿತ್ತು. ಇನ್ನೊಂದು ಟ್ರಾನ್ಸಿಸ್ಟರಿನದು, ವಿದೇಶದ್ದು, ಕಪ್ಪು ಪೆಟ್ಟಿಗೆ, ಇಬ್ಬರು ಎತ್ತಬೇಕಾದಷ್ಟು ಭಾರ. ಅಣ್ಣನ ಗೆಳೆಯ ವರದನ್ ಮಾಮಾ ಹತ್ತು ದಿನ ಕೇಳಿ ನೋಡು ಎಂದು ತಂದಿಟ್ಟಿದ್ದರು. ಅದಾದ ಎರಡನೆಯ ಭಾನುವಾರ ಅವರು ಬಂದಾಗ ತೀರ್ಮಾನವಾಗಬೇಕು: ಅದು ನಮ್ಮಲ್ಲೇ ಉಳಿಯುವುದೋ, ಹಿಂದಕ್ಕೆ ಹೋಗುವುದೋ. ತೀರ್ಮಾನಿಸಬೇಕಾದವಳು ನಾನು.

“ನಲವತ್ತು ದಾಟಿದವರ ಕಿವಿ ಸುಳ್ಳು ಹೇಳುತ್ತೆ. ನಮ್ಮ ಪದ್ದು ಕಿವಿ ಮೀಟರು ಇದ್ದಹಾಗೆ,” ಎಂದು ಅಣ್ಣ ಬಂದವರಿಗೆಲ್ಲ ಹೇಳುತ್ತಿದ್ದರು. ಹಿಂದಿನ ವರ್ಷ ಎರಡು ಸ್ಪೀಕರುಗಳ ನಡುವೆ, ಕ್ಯಾಲೆಂಡರು ತೂಗುಹಾಕಿದ್ದ ಬರಿಗೋಡೆಯ ಹತ್ತಿರ, “ಅಲ್ಲಿ ಯಾರೋ ನಿಂತ್ಕೊಂಡು ಹಾಡ್ತಿದಾರೆ” ಎಂದು ಬೆರಳು ತೋರಿಸಿದವಳು ನಾನೇ ಅಂತೆ. ಅಣ್ಣ ಕುಣಿದಾಡಿದರಂತೆ. ಆ ಜಾಗದಲ್ಲಿ ಏನೂ ಇಲ್ಲ. ಆದರೆ ಆಂಪು, ಸ್ಪೀಕರು, ಕೋಣೆ ಮೂರೂ ಸರಿಯಾಗಿದ್ದರೆ ಹಾಡುಗಾರ ಅಲ್ಲಿ ಬಂದು ನಿಲ್ಲುತ್ತಾನೆ. ಅದನ್ನು ಅಣ್ಣ ‘ಮಧ್ಯ’ ಎನ್ನುತ್ತಿದ್ದರು, ಗರ್ಭಗುಡಿಯ ವಿಷಯ ಹೇಳುವಷ್ಟು ಮೆಲ್ಲಗೆ.

ಆ ವರ್ಷ ಏಪ್ರಿಲ್ ಕೊನೆಯಲ್ಲಿ ಕೆಳಗಿನ ಮನೆಯ ಕವಿತಾಳಿಗೆ ಮಂಗನಬಾವು ಬಂದಿತ್ತು. ಅಲ್ಲಿಗೆ ಹೋಗಕೂಡದು ಎಂದು ಅಮ್ಮ ಗದರಿದ್ದಳು. ನಾನು ಹೋದೆ. ಅವಳ ಜೊತೆ ಅಳಗುಳಿಮಣೆ ಆಡಿದೆ, ಖಾರದ ಪುಡಿ ಹಚ್ಚಿದ ಮಾವಿನಕಾಯಿಯ ಒಂದೇ ಹೋಳನ್ನು ಇಬ್ಬರೂ ಕಚ್ಚಿ ತಿಂದೆವು. ಎರಡು ವಾರ ಕಳೆದು ನನ್ನ ಕೆನ್ನೆಯೂ ಊದಿತು. ಬೇವಿನ ಸೊಪ್ಪು, ಅರಿಶಿನದ ಲೇಪ, ಗಂಜಿ. ಊತ ಇಳಿಯಿತು. ಅದಾದ ಎರಡನೆಯ ದಿನ ಫೋನು ಹೊಡೆದುಕೊಂಡಿತು. ಎತ್ತಿ ಎಡಗಿವಿಗೆ ಇಟ್ಟುಕೊಂಡೆ.

“ಅಮ್ಮಾ, ಫೋನ್ ಡೆಡ್ ಆಗಿದೆ.”

ಅಮ್ಮ ಕೈ ಒರೆಸಿಕೊಂಡು ಬಂದು ರಿಸೀವರ್ ಕಿತ್ತುಕೊಂಡು, “ಹಾಂ, ಹೇಳೇ ರಾಧಾ, ಇವಳೇನೋ ಆಟ ಆಡ್ತಿದಾಳೆ,” ಎಂದು ಅರ್ಧ ಗಂಟೆ ಮಾತಾಡಿದಳು.

ನಾನು ಬಚ್ಚಲಿಗೆ ಹೋಗಿ ಬಲಗಿವಿಗೆ ಬೆರಳು ತುರುಕಿದೆ. ನಲ್ಲಿಯಿಂದ ಬಕೆಟ್ಟಿಗೆ ನೀರು ಬೀಳುತ್ತಿರುವುದು ಕಂಡಿತು. ಸದ್ದಿಲ್ಲ. ಬೆರಳು ತೆಗೆದೆ, ಸದ್ದು. ತುರುಕಿದೆ, ಇಲ್ಲ. ಎಷ್ಟು ಸಲ ಮಾಡಿದೆನೋ. ಬಕೆಟ್ಟು ತುಂಬಿ ಹರಿದದ್ದಕ್ಕೆ ಬೈಸಿಕೊಂಡೆ.

ಹೇಳಿದ್ದರೆ ಕವಿತಾಳ ಮನೆಗೆ ಹೋದದ್ದು ಹೊರಬೀಳುತ್ತಿತ್ತು. ಇದು ನಾನು ಆಮೇಲೆ ಎಲ್ಲರಿಗೂ ಕೊಟ್ಟ ಕಾರಣ. ನಿಜವಾದ ಕಾರಣ ಮರುದಿನ ಸಂಜೆ ಮನೆಗೆ ಬಂತು: ಕಪ್ಪು ಪೆಟ್ಟಿಗೆ, ಅದರ ಹಿಂದೆ ಏದುಸಿರು ಬಿಡುತ್ತ ವರದನ್ ಮಾಮಾ, ಅವರ ಹಿಂದೆ ಹೊಳೆಯುವ ಮುಖದ ಅಣ್ಣ.

“ಎನ್ನಮ್ಮಾ ಜಡ್ಜ್, ತೀರ್ಪು ಯಾರಿಗೆ?” ಎಂದು ಮಾಮಾ ನಕ್ಕರು.

ಮೊದಲ ಸಂಜೆ ಅಣ್ಣ ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಎರಡೂ ಆಂಪುಗಳ ದನಿಯನ್ನು ಮೊದಲೇ ಮೀಟರ್ ಇಟ್ಟು ಒಂದೇ ಮಟ್ಟಕ್ಕೆ ತಂದಿದ್ದರು. ಇಲ್ಲದಿದ್ದರೆ ಜೋರಾಗಿರುವುದೇ ಚೆನ್ನ ಎಂದು ಕಿವಿ ಮೋಸಹೋಗುತ್ತದಂತೆ. ಕಣ್ಣಿಗೆ ಟವಲು ಕಟ್ಟಿದರು.

“ಹಾಡೋವ್ರು ಎಲ್ಲಿದಾರೆ ಹೇಳೇ?”

“ಬಲಗಡೆ.”

“ಕೊಂಚ ಬಲಗಡೆನೋ, ಪೂರ್ತಿನೋ?”

“ಪೂರ್ತಿ.”

ತಂತಿಗಳನ್ನು ಬದಲಿಸಿ ಇನ್ನೊಂದು ಆಂಪು ಹಾಕಿದರು. ಆಗಲೂ ಬಲಗಡೆ. ಅಣ್ಣ ತಾವೇ ಕೂತು ಕೇಳಿದರು. ಅವರಿಗೆ ಹಾಡುಗಾರ ಕ್ಯಾಲೆಂಡರಿನ ಮುಂದೆಯೇ ನಿಂತಿದ್ದ. ಎದ್ದು ಕೋಣೆಯ ನಾಲ್ಕೂ ಮೂಲೆಯಲ್ಲಿ ಚಪ್ಪಾಳೆ ತಟ್ಟಿ ಪ್ರತಿಧ್ವನಿ ಕೇಳಿದರು. ಬೇರೆ ಯಾರಾದರೂ ಆಗಿದ್ದರೆ ಮಗಳ ಕಿವಿಯನ್ನು ಸಂಶಯಪಡುತ್ತಿದ್ದರು. ಅಣ್ಣ ಗೋಡೆಯನ್ನು ಸಂಶಯಪಟ್ಟರು.

ಅಲ್ಲಿಂದ ಶುರುವಾಯಿತು ಕೋಣೆಯ ಚಿಕಿತ್ಸೆ. ಅಣ್ಣ ಕುರ್ಚಿಯಲ್ಲಿ ಕೂರುವುದು, ನಾನು ಗೋಡೆಗುಂಟ ಕನ್ನಡಿ ಹಿಡಿದು ಸರಿಯುವುದು. ಕನ್ನಡಿಯಲ್ಲಿ ಅವರಿಗೆ ಸ್ಪೀಕರು ಕಂಡ ಜಾಗದಲ್ಲೇ ದನಿ ಗೋಡೆಗೆ ಬಡಿದು ಹಿಂದಿರುಗುತ್ತದೆ. “ನಿಲ್ಲು! ಅಲ್ಲೇ!” ಎಂದಾಗ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದೆ. ಆ ಗುರುತಿನ ಮೇಲೆ ಹತ್ತಿಯ ಹಾಸಿಗೆ, ರಜಾಯಿ, ಕೊನೆಗೆ ಅಮ್ಮನ ಪೆಟ್ಟಿಗೆಯ ರೇಷ್ಮೆ ಸೀರೆ ಮಡಿಕೆ ಮಡಿಕೆಯಾಗಿ. ಇಡೀ ಮನೆ ನುಸಿಗುಳಿಗೆಯ ವಾಸನೆ ಹೊಡೆಯಿತು.

“ರೀ, ನನಗೆ ಉಡಿಸೋದು ಬಿಟ್ಟು ಗೋಡೆಗೆ ಸೀರೆ ಉಡಿಸ್ತಿದೀರಲ್ಲ,” ಎಂದಳು ಅಮ್ಮ. “ಅರಿಶಿನ ಕುಂಕುಮಕ್ಕೆ ಬಂದೋರು ಇದೇನು ಮನೇನೋ ಹಾಸಿಗೆ ಅಂಗಡಿನೋ ಅಂತಾರೆ.”

“ಹತ್ತು ದಿನ ತಡ್ಕೊಳೇ. ಮಗು ಸುಳ್ಳು ಹೇಳುತ್ತಾ? ಕೋಣೆ ಬಲಗಡೆಗೆ ಎಳೀತಿದೆ.”

ಮಗು ಸುಳ್ಳು ಹೇಳುತ್ತಿರಲಿಲ್ಲ, ಅದೇ ತೊಂದರೆ. ಪ್ರತಿ ಸಂಜೆ ಬೀರು ಜರುಗುತ್ತಿತ್ತು, ಸ್ಪೀಕರು ಒಂದು ಗೇಣು ಹಿಂದೆ ಹೋಗುತ್ತಿತ್ತು. ಅಣ್ಣನ ಬನಿಯನ್ನು ಬೆನ್ನಿಗೆ ಅಂಟಿಕೊಂಡಿರುತ್ತಿತ್ತು. ಪ್ರತಿ ಸಂಜೆ ನಾನು “ಬಲಗಡೆ” ಎಂದಾಗ ಅವರ ಮುಖ ಇಷ್ಟಿಷ್ಟೇ ಸಣ್ಣದಾಗುತ್ತಿತ್ತು. ಮಧ್ಯಾಹ್ನವಾದರೆ ಸಾಕು, ಆರು ಗಂಟೆ ಬರುತ್ತದಲ್ಲ ಎಂದು ಗಡಿಯಾರ ನೋಡುತ್ತಿದ್ದೆ. ತಾಟಿನಿಂಗು ತಂದುಕೊಟ್ಟರೂ ತಟ್ಟೆಯಲ್ಲೇ ಬಿಡುತ್ತಿದ್ದೆ.

ಆರನೆಯ ದಿನವೋ ಏಳನೆಯ ದಿನವೋ ನಾನು ಕಲಿತುಬಿಟ್ಟೆ. ಯಾವ ಆಂಪು ಎಂಬುದನ್ನು ಮೂಗಿನಲ್ಲಿ ಪತ್ತೆಹಚ್ಚಿದೆ. ವಾಲ್ವಿನದಕ್ಕೆ ಬಿಸಿ ಧೂಳಿನ ವಾಸನೆ ಏರುತ್ತಿತ್ತು, ಕಪ್ಪು ಪೆಟ್ಟಿಗೆಗೆ ವಾಸನೆಯೇ ಇರುತ್ತಿರಲಿಲ್ಲ. ಎಲ್ಲಿದಾರೆ ಎಂಬುದಕ್ಕೆ ಉತ್ತರ ಅಣ್ಣನ ಆಸೆಯಲ್ಲೇ ಇತ್ತು.

“ಈಗ?”

“ಸ್ವಲ್ಪ... ಮಧ್ಯಕ್ಕೆ ಬಂದ್ರು ಅಣ್ಣ.”

“ಬಂದ್ರಾ! ನೋಡ್ದೇನೇ, ಆ ಸೀರೆ ಕೆಲಸ ಮಾಡ್ತು!” ಅವರು ಅಡಿಗೆಮನೆಯ ಬಾಗಿಲಲ್ಲಿ ನಿಂತು ಅಮ್ಮನಿಗೆ ಕೂಗಿ ಹೇಳಿದರು. ಅಂದು ನನಗೆ ರೋಸ್‌ಮಿಲ್ಕ್ ಸಿಕ್ಕಿತು. ಕುಡಿದು ವಾಂತಿ ಮಾಡಿಕೊಂಡೆ.

ಭಾನುವಾರ ವರದನ್ ಮಾಮಾ ಬೆಳಿಗ್ಗೆಯೇ ಬಂದರು. ಸಂಜೆ ಯಾವುದೋ ಮದುವೆಯ ಆರತಕ್ಷತೆ ಇದೆಯೆಂದು ಅಮ್ಮ ಸ್ನಾನಕ್ಕೆ ಮುಂಚೆಯೇ ಎಡಗೋಡೆಯ ಸೀರೆಯನ್ನು ಎಳೆದುಕೊಂಡಿದ್ದಳು. ಅಣ್ಣ ಟವಲು ಕಟ್ಟಿದರು. ಫ್ಯಾನು ನಿಂತಿತು. ಬಿಸಿ ಧೂಳಿನ ವಾಸನೆ ಬಂತು, ವಾಲ್ವಿನದು. ಹಾಡು ಶುರುವಾಯಿತು. ವರದನ್ ಮಾಮಾ “ಏ, ಆ...” ಎಂದು ಏನೋ ಹೇಳಹೊರಟು ಅರ್ಧಕ್ಕೇ ನಿಂತರು.

“ಎಲ್ಲಿದಾರೆ ಪದ್ದು?” ಅಣ್ಣನ ದನಿ ಎಂದಿಗಿಂತ ನಿಧಾನವಾಗಿತ್ತು.

“ಮಧ್ಯದಲ್ಲಿ.”

“ಸರಿಯಾಗಿ ಕೇಳ್ಕೊಂಡು ಹೇಳು.”

“ಸರಿಯಾಗಿ ಮಧ್ಯದಲ್ಲಿ ಅಣ್ಣ. ಕ್ಯಾಲೆಂಡರ್ ಮುಂದೆ.”

ಹಾಡು ನಿಂತಿತು. ಟವಲು ಬಿಚ್ಚಿದಾಗ ಮೊದಲು ಕಂಡದ್ದು ಎಡಗಡೆಯ ಸ್ಪೀಕರಿನ ಹಿಂದೆ ನೆಲದ ಮೇಲೆ ಬಿದ್ದಿದ್ದ ತಂತಿ. ತಾಮ್ರದ ತುದಿಗಳು ಮೊಸಾಯಿಕ್ಕಿನ ಮೇಲೆ ಹರಡಿಕೊಂಡಿದ್ದವು. ಅದು ಹಾಡಿಯೇ ಇರಲಿಲ್ಲ.

ತಂತಿ ಹೇಗೆ ಬಿಚ್ಚಿಕೊಂಡಿತು? ಸೀರೆ ಎಳೆಯುವಾಗ ಕಿತ್ತಿರಬೇಕು ಎಂದು ಅಮ್ಮ ಇಂದಿಗೂ ತಾನೇ ತಪ್ಪಿತಸ್ಥೆ ಎಂಬಂತೆ ಹೇಳುತ್ತಾಳೆ. ನನಗೆ ಅನುಮಾನ. ಅದರ ಹಿಂದಿನ ದಿನ ಊಟಕ್ಕೆ ಕೂತಾಗ ಅಣ್ಣ ನನ್ನನ್ನು ಎಡಗಡೆಯಿಂದ ಎರಡು ಸಲ ಕರೆದರೆಂದೂ, ನಾನು ತಿರುಗಲಿಲ್ಲವೆಂದೂ ನೆನಪು. ತಿರುಗದವಳಿಗೆ ಕರೆದದ್ದು ಗೊತ್ತಾದದ್ದಾದರೂ ಹೇಗೆ? ಹಾಗಾಗಿ ಈ ನೆನಪನ್ನು ನಾನೇ ಆಮೇಲೆ ಹೊಲಿದುಕೊಂಡಿರಬೇಕು. ಅಣ್ಣನೇ ತಂತಿ ಬಿಚ್ಚಿದ್ದರು ಎಂದುಕೊಂಡರೆ ನನಗೆ ಸಮಾಧಾನ, ಅಷ್ಟೆ. ಹತ್ತು ದಿನ ಅವರಿಗೆ ಏನೂ ತಿಳಿಯಲಿಲ್ಲ ಎಂಬುದಕ್ಕಿಂತ ಅದು ವಾಸಿ.

ಆಮೇಲೆ ಆದದ್ದು ಇಷ್ಟು. ಅಣ್ಣ ನನ್ನ ಎಡಗಡೆ ಮಂಡಿಯೂರಿ ಕೂತರು. ಬಲಗಿವಿಯನ್ನು ತಮ್ಮ ಅಂಗೈಯಿಂದ ಗಟ್ಟಿಯಾಗಿ ಮುಚ್ಚಿದರು. ಎಡಗಿವಿಯ ಮೇಲೆ ಬಿಸಿ ಉಸಿರು ತಾಗಿತು, ಕಾಫಿಯ ವಾಸನೆ ಬಂತು. ವರದನ್ ಮಾಮಾ ಮುಖ ತಿರುಗಿಸಿಕೊಂಡು ಮುಚ್ಚಿದ ಕಿಟಕಿಯನ್ನು ನೋಡುತ್ತಿದ್ದರು. ಬಾಗಿಲಲ್ಲಿ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಣ್ಣ ಏನೋ ಕೇಳುತ್ತಿದ್ದಾರೆ, ಉತ್ತರ ಕೊಡಬೇಕು ಎಂದು ಗೊತ್ತಾಯಿತು. ಅವರು ಕೈ ತೆಗೆದರು.

“ಹೂಂ,” ಎಂದೆ.

ಡಾಕ್ಟರು ಕಿವಿ ನೋಡಿ, ಮಂಗನಬಾವಿನಿಂದ ಎಡಗಿವಿ ಹೋಗಿದೆ ಎಂದು ಚೀಟಿ ಬರೆದು, “ಮೊದಲ ವಾರವೇ ಬಂದಿದ್ದರೆ...” ಎಂದು ನಿಲ್ಲಿಸಿದರು. ಅಣ್ಣ ಆ ವಾಕ್ಯವನ್ನು ಪೂರ್ತಿ ಮಾಡಿಸಲಿಲ್ಲ. ಕಪ್ಪು ಪೆಟ್ಟಿಗೆ ಹಿಂದಕ್ಕೆ ಹೋಯಿತು. ಹಾಸಿಗೆಗಳು ಮಂಚಕ್ಕೆ, ಸೀರೆ ಪೆಟ್ಟಿಗೆಗೆ ಹೋದವು. ಆಮೇಲೆ ಒಂದು ದಿನ ಶಾಲೆಯಿಂದ ಬಂದು ನೋಡಿದರೆ ಎಡಗಡೆಯ ಸ್ಪೀಕರೇ ಇರಲಿಲ್ಲ. ಅಣ್ಣ ಎಡ, ಬಲ ಎರಡೂ ದಾರಿಯ ದನಿಯನ್ನು ಸೇರಿಸಿ ಒಂದೇ ಸ್ಪೀಕರಿಗೆ ಕಟ್ಟಿ, ಅದನ್ನು ನಾನು ಓದಲು ಕೂರುತ್ತಿದ್ದ ಜಾಗದ ಬಲಕ್ಕೆ ಇಟ್ಟಿದ್ದರು. ಯಾರಾದರೂ ಕೇಳಿದರೆ, “ಹಳೇ ಕಾಲದಲ್ಲಿ ಹೀಗೇ ಇತ್ತಲ್ಲ, ಕಿವಿಗೆ ಇದೇ ಹಿತ,” ಎನ್ನುತ್ತಿದ್ದರು. ಇಪ್ಪತ್ತು ವರ್ಷ ಹಾಗೇ ಕೇಳಿದರು.

ನಾನು ಕಳೆದುಕೊಂಡದ್ದನ್ನು ಅಳೆಯಬಲ್ಲೆ: ರಸ್ತೆ ದಾಟುವಾಗ ಎಡಗಡೆಯಿಂದ ಬರುವ ಆಟೋ, ಮದುವೆಯ ಪಂಕ್ತಿಯಲ್ಲಿ ಎಡಗಡೆ ಕೂತವರ ಮಾತು. ಅಣ್ಣ ಬಿಟ್ಟುಕೊಟ್ಟದ್ದನ್ನು ಅಳೆಯಲಾರೆ. ಕ್ಯಾಲೆಂಡರಿನ ಮುಂದಿನ ಆ ಬರಿಯ ಜಾಗಕ್ಕೆ ಹಾಡುಗಾರ ಮತ್ತೆ ಬರಲಿಲ್ಲ. ನಾನು ಅವನನ್ನು ಅಲ್ಲಿ ಒಂದು ಸಲವಾದರೂ ಕೇಳಿದ್ದೆನೇ ಎಂಬುದೂ ಈಗ ಖಚಿತವಿಲ್ಲ.

ಅಣ್ಣ ಹೋಗುವ ಹಿಂದಿನ ವರ್ಷ ಕೇಳಿದೆ, ಆವತ್ತು ಕಿವಿಯಲ್ಲಿ ಏನಂದಿರಿ ಎಂದು. “ಯಾವ ಆಂಪ್ ಇಟ್ಕೊಳ್ಳೋಣ ಅಂತ ಕೇಳಿದೆ,” ಎಂದು ನಕ್ಕರು. ಆ ಪ್ರಶ್ನೆಗೆ ಹೂಂ ಉತ್ತರವಲ್ಲ. ಅಮ್ಮ ಬೇರೆ ಹೇಳುತ್ತಾಳೆ: “ಅವರು ಏನೂ ಅನ್ಲಿಲ್ಲ ಕಣೇ. ತುಟಿ ಅಲ್ಲಾಡ್ತು, ಮಾತು ಬರ್ಲಿಲ್ಲ.”

ಇಬ್ಬರನ್ನೂ ನಾನು ನಂಬುವುದಿಲ್ಲ. ಹೂಂ ಎಂದದ್ದು ಮಾತ್ರ ನಿಜ. ಅದನ್ನು ನನ್ನ ಬಲಗಿವಿಯಲ್ಲಿ ನಾನೇ ಕೇಳಿಸಿಕೊಂಡಿದ್ದೆ.