ಪ್ಲೇಟಿನ ಕವರಿನ ಹುಡುಗಿ

ಹೊನ್ನಾಳಿಯ ಮೈಕ್‌ಸೆಟ್ ತಿಪ್ಪೇಶಪ್ಪನ ನಲವತ್ತು ಗ್ರಾಮಫೋನ್ ಪ್ಲೇಟುಗಳಲ್ಲಿ ಒಂದು ಫ್ರೆಂಚ್ ಹಾಡಿನದು. ಎಪ್ಪತ್ತೆಂಟರಲ್ಲಿ ದಾವಣಗೆರೆಯ ಹಳೇ ಸಾಮಾನಿನ ಅಂಗಡಿಯಿಂದ ತಂದ ಕಟ್ಟಿನಲ್ಲಿ ಅದೂ ಸೇರಿಕೊಂಡು ಬಂದಿತ್ತು. ಕವರಿನ ಮೇಲೆ ಗಿಡ್ಡ ಕೂದಲಿನ ಹುಡುಗಿಯೊಬ್ಬಳು ನಗುತ್ತಿದ್ದಳು. ಯಾರ ಮದುವೆಯಾದರೂ ಸರಿ, ಊಟದ ಎರಡನೇ ಪಂಕ್ತಿಗೆ ತಿಪ್ಪೇಶಪ್ಪ ಆ ಪ್ಲೇಟು ಹಾಕಿ, ಹೆಗಲ ಟವೆಲಿನಿಂದ ಕವರು ಒರೆಸಿ ಎಲ್ಲರಿಗೂ ಎತ್ತಿ ತೋರಿಸುತ್ತಿದ್ದ. "ಫ್ರಾನ್ಸ್ ದೇಶದಾಕೆ. ಹಾಡ್ತಾಳೆ, ಸಿನಿಮಾದಾಗೂ ಆಕ್ಟ್ ಮಾಡ್ತಾಳೆ. ಇನ್ನೂ ಇಪ್ಪತ್ತು ತುಂಬಿಲ್ಲ ನೋಡ್ರಿ!" ಅದು ಫ್ರೆಂಚ್ ಎಂದು ಹೇಳಿದ್ದು ಹೈಸ್ಕೂಲಿನ ಮೇಷ್ಟ್ರು, ಉಳಿದ ಜೀವನಚರಿತ್ರೆಯೆಲ್ಲ ತಿಪ್ಪೇಶಪ್ಪನದೇ ಸೃಷ್ಟಿ. ಜಗಳೂರಿನ ಮದುವೆಗಳಲ್ಲಿ ಅವಳಪ್ಪ ಕುರಿ ಕಾಯುತ್ತಿದ್ದ. ಸೂಳೆಕೆರೆಯ ಕಡೆ ಹೋದರೆ ಮೀನು ಹಿಡಿಯುತ್ತಿದ್ದ. ನ್ಯಾಮತಿಗೆ ಬರುವಷ್ಟರಲ್ಲಿ ಕಿರಾಣಿ ಅಂಗಡಿ ಇಟ್ಟುಬಿಟ್ಟಿರುತ್ತಿದ್ದ. ಅವಳು ಮೊದಲ ಸಲ ಹಾಡಿದ್ದು ಒಂದೂರಲ್ಲಿ ಸಂತೆಯಲ್ಲಾದರೆ ಇನ್ನೊಂದೂರಲ್ಲಿ ಬಸ್ಸಿನಲ್ಲಿ. ಇಷ್ಟೆಲ್ಲ ಸುಳ್ಳಿನಲ್ಲಿ ಬದಲಾಗದ್ದು ಏನಾದರೂ ಇದೆಯೇ ಎಂಬ ಕುತೂಹಲಕ್ಕೆ, ಅವನ ಜೊತೆ ಮೈಕ್‌ಸೆಟ್ ಹೊತ್ತು ತಿರುಗುತ್ತಿದ್ದ ನಾನು ಊರೂರಿನ ಕಥೆಗಳಿಗೂ ಕಿವಿಗೊಟ್ಟೆ. ಇದ್ದದ್ದು ಒಂದೇ ಮಾತು: "ಸಿನಿಮಾದೋರು ಮನಿಗೆ ಕರ್ಯಾಕೆ ಬಂದಾಗ ಅವರಪ್ಪ ಬ್ಯಾಡ ಅನ್ನಲಿಲ್ರೀ. ಹೋಗಿ ಬಾರವ್ವ ಅಂದ." ಅಷ್ಟು ಹೇಳಿ ತಿಪ್ಪೇಶಪ್ಪ ತಲೆ ತಗ್ಗಿಸಿ, ಸರಿಯಾಗೇ ಇದ್ದ ಸೂಜಿಯನ್ನು ಮತ್ತೆ ಸರಿಮಾಡುತ್ತಿದ್ದ. ಅವನ ಮಗಳು ಉಡಚಮ್ಮನ ದನಿ ಕೇಳಿ ನಾಟಕ ಕಂಪನಿಯವರು ಕರೆಯಲು ಬಂದಿದ್ದಾಗ, ಅವರನ್ನು ಬಾಗಿಲಲ್ಲೇ ಬೈದು ಅಟ್ಟಿದವನು ಇವನೇ. ಆಮೇಲೆ ಆ ಮನೆಯಲ್ಲಿ ಹಾಡಿದ್ದು ಪ್ಲೇಟುಗಳು ಮಾತ್ರ.