ಅಂಟು ತಾಗಬಾರದು

ಬೂಟು ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಗೊಣ್ಣೆ ಎಂದೇ ಕರೆಯುತ್ತಿದ್ದರು. ಅವನಿಗೇನೂ ಬೇಜಾರಿರಲಿಲ್ಲ. ಹೇಳಿಕೊಳ್ಳುವಂಥದ್ದು ಬೇರೇನೂ ಇಲ್ಲದವನಿಗೆ ಸದಾ ಸೋರುವ ಮೂಗಾದರೂ ಒಂದು ಗುರುತು. ಉಸಿರಾಟವೆಲ್ಲ ಬಾಯಲ್ಲೇ, ಮೂಗು ಇದ್ದದ್ದು ಕನ್ನಡಕ ಕೂರಿಸಲಿಕ್ಕೆ. ಅವನ ಬಾಯಿಂದ ಹೊರಬೀಳುವಷ್ಟರಲ್ಲಿ ‘ಮ’ ಎಲ್ಲ ‘ಬ’ ಆಗಿರುತ್ತಿತ್ತು. ಅಲ್ಲೇ ಮೇಸ್ತ್ರಿಯಾಗಿದ್ದ ಸೋದರಮಾವನನ್ನು “ಬಾವಾ” ಎಂದು ಕೂಗಿದರೆ ಹೊಲಿಗೆ ಯಂತ್ರಗಳ ಮುಂದಿನ ಹೆಂಗಸರು ನಗು ತಡೆಯಲಾರದೆ ದಾರ ತುಂಡು ಮಾಡಿಕೊಳ್ಳುತ್ತಿದ್ದರು. “ಹಾಗಾದ್ರೆ ನಿಮ್ಮಕ್ಕ ಎಲ್ಲೋ?”

ಕೆಲಸ ಕೊಡಿಸಿದ್ದು ಆ ಮಾವನೇ. ಹಾಕಿದ್ದು ಸೊಲ್ಯೂಷನ್ ಕೋಣೆಗೆ. ಬೂಟಿನ ಅಟ್ಟೆಗೆ ಅಂಟು ಬಳಿದು ಮೇಲ್ಭಾಗಕ್ಕೆ ಒತ್ತಿ ಕೂಡಿಸುವ ಜಾಗ ಅದು. ಆದರೆ ಕಾರ್ಖಾನೆಯಲ್ಲಿ ಅದನ್ನು ಅಂಟು ಎಂದವರಿಲ್ಲ, ಎಲ್ಲರ ಬಾಯಲ್ಲೂ ಸೊಲ್ಯೂಷನ್ನೇ. ಅದರ ಘಾಟಿಗೆ ಬಂದವರೆಲ್ಲ ತಲೆ ಹಿಡಿದುಕೊಂಡು ಕಾಲಿಗೆ ಬುದ್ಧಿ ಹೇಳುತ್ತಿದ್ದರು. ನಿಂತವನು ಇವನೊಬ್ಬನೇ.

“ನಿನ್ನಂಥ ಅದೃಷ್ಟವಂತ ಇಲ್ಲ ಕಣೋ,” ಎನ್ನುತ್ತಿದ್ದ ಮಾವ. “ಮೂಗಿರೋರಿಗೆ ಈ ಕೋಣೆ ನರಕ. ನಿನಗೆ ಮಾವನ ಮನೆ.”

ಇದನ್ನು ಹೊಗಳಿಕೆ ಎಂದುಕೊಂಡು ಎದೆಯುಬ್ಬಿಸಿದ ಮಹಾನುಭಾವ ಅವನು.

ಬರಬರುತ್ತಾ ಕೆನ್ನೆ, ಹುಬ್ಬು, ಹಲ್ಲಿನ ಬುಡವೆಲ್ಲ ನೋಯತೊಡಗಿತು. ಬಗ್ಗಿದರೆ ತಲೆಯೊಳಗೆ ಕಲ್ಲು ಉರುಳಿದ ಹಾಗೆ. ಮಾತ್ರೆ, ಸ್ಪ್ರೇ ಯಾವುದಕ್ಕೂ ಬಗ್ಗಲಿಲ್ಲ. ಸೈನಸ್ ಊದಿಕೊಂಡು ಮೂಗಿನೊಳಗೆ ಮಾಂಸ ಬೆಳೆದಿದೆ, ಆಪರೇಷನ್ ಆಗಬೇಕು ಎಂದರು ಡಾಕ್ಟರಮ್ಮ. ಮಾವ ರಜೆ ಹಾಕಿ ಜೊತೆಗೆ ಬಂದ, ಆಸ್ಪತ್ರೆಯ ಬೆಂಚಿನ ಮೇಲೆ ಕಾದು ಕೂತ, ಮಂಪರಿನಲ್ಲಿದ್ದವನನ್ನು ತೋಳು ಹಿಡಿದು ಮನೆಗೆ ಕರೆತಂದ.

“ಡಾಕ್ಟರಮ್ಮ ಒಂದೇ ಮಾತು ಹೇಳಿದ್ದು ಅಕ್ಕಾ,” ಎಂದ ಹೊಸ್ತಿಲಲ್ಲೇ. “ಅಂಟು ತಾಗಬಾರದಂತೆ.”

ಅಮ್ಮ ಅಂದುಕೊಂಡಿದ್ದು ಅಂಟುರೋಗ. ಅವತ್ತಿನಿಂದ ಅವನ ಲೋಟ ಬೇರೆ, ಟವೆಲ್ ಬೇರೆ, ಮುಖಕ್ಕೊಂದು ಬಟ್ಟೆ. ನೋಡಲು ಬಂದ ಪಕ್ಕದ ಮನೆಯಾಕೆ ಮೆಟ್ಟಿಲ ಮೇಲೆ ಸೀನಿದ್ದೇ ತಪ್ಪಾಯಿತು, “ಇನ್ನೊಂದಿನ ಬಾರಮ್ಮ” ಎಂದು ಅಮ್ಮ ಅಲ್ಲಿಂದಲೇ ಸಾಗಹಾಕಿದಳು. ಮಾವ ಕುರ್ಚಿಯಲ್ಲಿ ಕೂತು ಕಾಫಿ ಹೀರುತ್ತಾ, “ಹುಷಾರಾಗಿರೋದು ಒಳ್ಳೇದೇ” ಎಂದ.

ಉಪ್ಪುನೀರಿನಿಂದ ಮೂಗು ತೊಳೆದೂ ತೊಳೆದೂ ಒಳಗಿನ ಹಕ್ಕಳೆಯೆಲ್ಲ ಹೋದ ಮೇಲೆ, ಒಂದು ಬೆಳಗ್ಗೆ ಮುಖ ತೊಳೆಯುವಾಗ ಏನೋ ಒಂದು ಮೂಗಿಗೆ ಬಡಿಯಿತು.

“ಅಮ್ಮಾ! ಸೋಪಿಗೆ ವಾಸನೆ ಇದೆ!”

“ಇರದೆ ಇನ್ನೇನೋ,” ಎಂದು ಓಡಿಬಂದವಳು, ಮಗನ ಬಾಯಲ್ಲಿ ‘ಅಮ್ಮ’ ಸರಿಯಾಗಿ ಬಂದದ್ದು ಹೊಳೆದು ಬಚ್ಚಲ ಬಾಗಿಲಲ್ಲೇ ಕಣ್ಣೊರೆಸಿಕೊಂಡಳು. ಅವನು ಪೇಪರ್ ಮೂಸಿದ, ದಿಂಬು ಮೂಸಿದ, ಕೊನೆಗೆ ತನ್ನದೇ ಅಂಗಿ ಮೂಸಿ, ಇಷ್ಟು ದಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಬಗ್ಗೆ ಅಪಾರ ಗೌರವ ತಾಳಿದ.

ರಜೆ ಮುಗಿಯಿತು. “ನಿನ್ನ ಕೋಣೆ ನಿನಗೇ ಕಾಯ್ತಿದೆ,” ಎಂದ ಮಾವ. ಬಾಗಿಲು ತೆಗೆದರೆ ಘಾಟು ಕೆನ್ನೆಗೆ ಹೊಡೆದ ಹಾಗಾಯಿತು, ಕಣ್ಣಲ್ಲಿ ನೀರು. “ಅಭ್ಯಾಸ ಆಗುತ್ತೆ ಬಿಡು.” ನಿಜವಾಗಿಯೂ ಆಯಿತು. ದಿನ ಕಳೆದಂತೆ ಘಾಟು ಕಡಿಮೆಯಾಗುತ್ತಾ ಬಂದದ್ದನ್ನು ಕಂಡು ತನ್ನ ಗಟ್ಟಿತನಕ್ಕೆ ತಾನೇ ಬೆನ್ನು ತಟ್ಟಿಕೊಂಡ. ಆಮೇಲೊಂದು ದಿನ ಸೋಪಿಗೂ ವಾಸನೆ ಇರಲಿಲ್ಲ.

ಡಾಕ್ಟರಮ್ಮ ಮೂಗಿನೊಳಗೆ ಕ್ಯಾಮೆರಾ ನಳಿಕೆ ಇಳಿಸಿ, ಪರದೆಯಲ್ಲಿ ಕಂಡ ಸಣ್ಣ ಊತ ತೋರಿಸಿದರು. “ಕೆಲಸ ಬದಲಾಯಿಸಿಲ್ವಾ?”

“ಯಾಕೆ ಮೇಡಂ?”

“ಯಾಕೆ ಅಂದ್ರೆ? ನಾನು ದಾರಿ ಬಿಡಿಸಿಕೊಡಬಹುದು ಅಷ್ಟೇ. ಆ ಘಾಟು ದಿನಾ ಎಳೆದುಕೊಂಡ್ರೆ ಮತ್ತೆ ಊದಿಕೊಳ್ಳುತ್ತೆ. ಅಂಟು ತಾಗಬಾರದು, ಆ ಕೋಣೆಗೆ ಕಳಿಸಬೇಡಿ ಅಂತ ನಿಮ್ಮ ಮಾವನಿಗೆ ಅವತ್ತೇ ಬಿಡಿಸಿ ಹೇಳಿದ್ದೆ. ‘ಮೇಸ್ತ್ರಿ ನಾನೇ, ಬೇರೆ ಕಡೆ ಹಾಕ್ತೀನಿ’ ಅಂದ್ರಲ್ಲ ಅವರು?”

ಮನೆಯಲ್ಲಿ ಬೇರೆ ಇಟ್ಟ ಲೋಟ, ಟವೆಲ್ ನೆನಪಾಗಿ ಅವನಿಗೆ ನಗು ಬಂತು. ಡಾಕ್ಟರಮ್ಮ ಅವನನ್ನೇ ನೋಡುತ್ತಿದ್ದರು. ಊತ ಇನ್ನೂ ಚಿಕ್ಕದು, ಔಷಧಿಗೆ ಇಳಿಯಬಹುದು, ಆದರೆ ಆ ಕೋಣೆ ಬಿಟ್ಟರೆ ಮಾತ್ರ ಎಂದರು.

ಕಾರ್ಖಾನೆಗೆ ಬಂದವನೇ ಕೇಳಿದ. ಮಾವ ತಡವರಿಸಲೇ ಇಲ್ಲ.

“ನಾನೇನು ಮುಚ್ಚಿಟ್ಟೆನಾ? ಅಂಟು ತಾಗಬಾರದು ಅಂತ ನಿಮ್ಮಮ್ಮನ ಮುಂದೇನೇ ಹೇಳಲಿಲ್ವಾ?”

“ಅಮ್ಮ ಅಂಟುರೋಗ ಅಂದ್ಕೊಂಡ್ಲು ಮಾವ. ಬಂದವರನ್ನ ಮೆಟ್ಟಿಲಿಂದಲೇ ಕಳಿಸಿದ್ಲು. ನೀವಲ್ಲೇ ಕಾಫಿ ಕುಡೀತಿದ್ರಿ.”

ಮಾವ ಕೈಲಿದ್ದ ಬೂಟನ್ನು ಅತ್ತಿತ್ತ ತಿರುಗಿಸಿದ. “ಆ ಕೋಣೇಲಿ ಯಾರೂ ನಿಲ್ಲಲ್ಲ ಕಣೋ. ಆಳು ನಿಲ್ಲಿಸೋಕೆ ಆಗದೋನಿಗೆ ಮೇಸ್ತ್ರಿಗಿರಿ ಯಾರು ಕೊಡ್ತಾರೆ?” ಆಮೇಲೆ, ಸಮಾಧಾನ ಹೇಳುವ ದನಿಯಲ್ಲೇ ಸೇರಿಸಿದ: “ನಿನಗೆ ಮೊದಲಿಂದಾನೂ ವಾಸನೆ ಇರಲಿಲ್ಲ. ಇಲ್ಲದ್ದು ಇಲ್ಲದ ಹಾಗೇ ಇದ್ರೆ ಏನು ನಷ್ಟ ಅಂದ್ಕೊಂಡೆ.”

ತೋಳು ಹಿಡಿದು ಮನೆಗೆ ಕರೆತಂದವನೂ ಇವನೇ, ಅಷ್ಟು ದೂರ ಜೊತೆಗೆ ನಡೆಯುತ್ತಲೇ ಇದನ್ನು ಲೆಕ್ಕ ಹಾಕಿದವನೂ ಇವನೇ. ಅವನು ನೆಟ್ಟಗೆ ಮ್ಯಾನೇಜರ್ ಹತ್ತಿರ ಹೋಗಿ ಪ್ಯಾಕಿಂಗ್ ವಿಭಾಗ ಕೇಳಿಕೊಂಡ. ಸಂಬಳ ಕಡಿಮೆ. ಸಿಕ್ಕಿತು.

ಸಂಜೆ ಅವನು ಬಾಗಿಲು ದಾಟುವ ಮೊದಲೇ ಸುದ್ದಿ ಮನೆ ಸೇರಿತ್ತು.

“ಮಾವನ ಮಾತು ಮೀರಿದೆಯಂತೆ? ಫೋನ್ ಮಾಡಿದ್ದ ಪಾಪ, ನೊಂದುಕೊಂಡಿದಾನೆ,” ಎಂದಳು ಅಮ್ಮ. “ಮೂಗು ಸರಿಹೋಯ್ತು, ಕೊಬ್ಬು ಬಂತು. ಅವನು ಓಡಾಡದಿದ್ರೆ ನಿನ್ನ ಆಪರೇಷನ್ ಆಗ್ತಿತ್ತೇನೋ? ನನಗೆ ಅಂತ ಇರೋನು ಅವನೊಬ್ಬ.”

ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಡಿದರೆ ಆ ಒಬ್ಬನೂ ಅವಳಿಗೆ ಇರುತ್ತಿರಲಿಲ್ಲ.

“ಡಬ್ಬ ಮಡಚೋ ಕೆಲಸ ನನಗಿಷ್ಟ ಅಮ್ಮ,” ಎಂದ.

“ಸರಿ, ನಾಳೆ ಹೋಗಿ ಅವನ ಹತ್ತಿರ ತಪ್ಪಾಯ್ತು ಅನ್ನು.”

“ಹೂಂ,” ಎಂದು ಸ್ಪ್ರೇ ಬಾಟಲಿ ಅಲ್ಲಾಡಿಸುತ್ತಾ ಬಚ್ಚಲಿಗೆ ಹೋದ.