ಕೂತ್ಕೋ ಅನ್ನುವ ತನಕ

ಮೂರನೇ ತರಗತಿಯ ಟೀಚರನ್ನು ಮಕ್ಕಳು ಬೆನ್ನ ಹಿಂದೆ ಟಿಕ್‌ಟಿಕ್ ಟೀಚರ್ ಅನ್ನುತ್ತಿದ್ದವು. ಅವರ ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಸ್ಟಾಪ್‌ವಾಚು ಸದಾ ನೇತಾಡುತ್ತಿತ್ತು. ನಾವು ಉಳಿದ ಟೀಚರುಗಳು ಎದುರಿಗೆ ಅಕ್ಕ ಅನ್ನುತ್ತಿದ್ದೆವು, ಹಿಂದೆ ಮಕ್ಕಳು ಅಂದದ್ದನ್ನೇ ಅನ್ನುತ್ತಿದ್ದೆವು. ನನ್ನದು ಪಕ್ಕದ ಕೋಣೆ, ನಾಲ್ಕನೇ ತರಗತಿ. ಎರಡು ಕೋಣೆಗೂ ನಡುವೆ ಇದ್ದದ್ದು ಬರೀ ಹಲಗೆಯ ತಡಿಕೆ. ಆ ಕಡೆ ಯಾರಾದರೂ ಸೀನಿದರೆ ಈ ಕಡೆ ನನ್ನ ಮಕ್ಕಳು ನಗುತ್ತಿದ್ದವು. ಹಾಗಾಗಿ ನನಗೆ ಗೊತ್ತಿರಲಿಲ್ಲ, ಕೇಳಿಸಲಿಲ್ಲ ಅಂತ ನಾನು ಹೇಳುವ ಹಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಬೆಳಿಗ್ಗೆ ಒಂಬತ್ತೂವರೆಗೆ ಗಂಟೆ ಬಾರಿಸಿದ ಕೂಡಲೇ ಅಕ್ಕ "ನಿಂತ್ಕೊಳ್ಳಿ" ಅನ್ನುತ್ತಿದ್ದರು. ಮೂವತ್ತೊಂದು ಮಕ್ಕಳು ಎದ್ದು ಬೆಂಚು ಸರಿದ ಸದ್ದು ಒಟ್ಟಿಗೆ ಬರುತ್ತಿತ್ತು. ಆಮೇಲೆ ಐದೇ ನಿಮಿಷ ಬಾಯಿಲೆಕ್ಕ. ಸ್ಲೇಟು ಇಲ್ಲ, ಬೆರಳು ಮಡಿಸುವ ಹಾಗಿಲ್ಲ, ಒಂದೊಂದು ಉತ್ತರಕ್ಕೆ ಮೂರು ಸೆಕೆಂಡು. ಆರೇಳ್ಲಿ ಎಷ್ಟು, ಅರವತ್ತನಾಲ್ಕಕ್ಕೆ ಎಷ್ಟು ಸೇರಿಸಿದರೆ ನೂರು, ಮೂವತ್ತೆಂಟರ ಅರ್ಧ ಎಷ್ಟು. ಸರಿ ಹೇಳಿದವರು ಕೂರಬೇಕು, ತಪ್ಪಿದವರು ನಿಂತೇ ಇರಬೇಕು, ಪ್ರಶ್ನೆ ಸುತ್ತಿ ಮತ್ತೆ ಬರುತ್ತಿತ್ತು. ಕೊನೆಗೆ ಒಂದು ಮಗು ಉಳಿಯುತ್ತಿತ್ತಲ್ಲ, ಅದು ಬಾಗಿಲ ಹಿಂದಿನ ಮೂಲೆಗೆ ಹೋಗಿ ಗೋಡೆಗೆ ಹಿಮ್ಮಡಿ ತಾಗಿಸಿ ನಿಲ್ಲಬೇಕಿತ್ತು. ಇಂಟರ್‌ವಲ್ ಆಗುವ ಹೊತ್ತಿಗೆ ಅಕ್ಕ ಪುಸ್ತಕದಿಂದ ತಲೆ ಎತ್ತದೆ "ಕೂತ್ಕೋ" ಅನ್ನುತ್ತಿದ್ದರು. ಅವರು ಅನ್ನುವ ತನಕ ಕೂರುವ ಹಾಗಿಲ್ಲ, ಸದ್ದು ಮಾಡುವ ಹಾಗಿಲ್ಲ. ಒಮ್ಮೆ ಹೆಡ್‌ಮಾಸ್ಟರೇ ಕನಿಕರಪಟ್ಟು ಒಂದು ಮಗುವಿಗೆ ಹೋಗಿ ಕೂರಮ್ಮ ಅಂದಿದ್ದರು. ಆ ಮಗು ಅವರನ್ನು ಗೋಡೆ ನೋಡಿದ ಹಾಗೆ ನೋಡಿ ನಿಂತೇ ಇತ್ತು. ಸ್ಟಾಫ್‌ರೂಮಿನಲ್ಲಿ ನಾವು ಅದನ್ನು ಹೇಳಿಕೊಂಡು ಎಷ್ಟು ದಿನ ನಕ್ಕೆವೋ.

ಲೆಕ್ಕವೇನೋ ಬರುತ್ತಿತ್ತು, ಸುಳ್ಳು ಹೇಳಬಾರದು. ಅಕ್ಕನ ಕೈಲಿ ಪಳಗಿ ನನ್ನ ತರಗತಿಗೆ ಬಂದ ಮಕ್ಕಳು ಮಗ್ಗಿಯನ್ನು ನೀರು ಕುಡಿದಷ್ಟು ಸಲೀಸಾಗಿ ಒಪ್ಪಿಸುತ್ತಿದ್ದವು. ತಂದೆತಾಯಿಗಳು ನಮ್ಮ ಮಗೂನ ಅವರ ಕ್ಲಾಸಿಗೇ ಹಾಕಿ ಅಂತ ದುಂಬಾಲು ಬೀಳುತ್ತಿದ್ದರು. ದಿನಾ ಕೊನೆಗೊಂದು ಸರಪಳಿ ಲೆಕ್ಕ ಇರುತ್ತಿತ್ತು. ನೂರರಿಂದ ಏಳು ಕಳೆ, ಉಳಿದದ್ದರಿಂದ ಮತ್ತೆ ಏಳು ಕಳೆ. ಅದನ್ನು ಮೊದಲು ಅಕ್ಕ ಒಂದೇ ಉಸಿರಿಗೆ ಹೇಳಿ ತೋರಿಸುತ್ತಿದ್ದರು, ಆಮೇಲೆ ಮಕ್ಕಳು. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು, ಎಪ್ಪತ್ತೆರಡು, ಹಾಗೇ ಇಳಿಯುತ್ತ ಎರಡಕ್ಕೆ ಬಂದು ನಿಲ್ಲುವುದು. ಇಪ್ಪತ್ತಾರು ವರ್ಷ, ದಿನಾ ಬೆಳಿಗ್ಗೆ. ನನಗೂ ಬಾಯಿಪಾಠವಾಗಿತ್ತು, ಪಾತ್ರೆ ತೊಳೆಯುವಾಗ ತಾನಾಗಿಯೇ ಬಾಯಿಗೆ ಬರುತ್ತಿತ್ತು.

ಅಕ್ಕನಿಗೆ ಒಬ್ಬಳೇ ಮಗಳು. ಗಂಡ ಬೇಗ ತೀರಿಕೊಂಡಿದ್ದರು. ಆ ಮಗಳೂ ಒಂದು ವರ್ಷ ಅಮ್ಮನ ತರಗತಿಯಲ್ಲಿ ಕೂತಳು. ಕೂತಳು ಅನ್ನುವುದಕ್ಕಿಂತ ನಿಂತಳು ಅನ್ನಬೇಕು. ಸ್ವಂತ ಮಗಳಿಗೆ ಸಲಿಗೆ ಕೊಟ್ಟರು ಅಂತ ಯಾರೂ ಬಾಯಿಬಿಡಬಾರದು ಅಂತಲೋ ಏನೋ, ಬೇರೆಯವರಿಗೆ ಮೂರು ಸೆಕೆಂಡಾದರೆ ಅವಳಿಗೆ ಎರಡೇ. ಆ ವರ್ಷ ಮೂಲೆ ಅವಳದ್ದೇ ಆಗಿಹೋಯಿತು. ಒಂದು ಸಂಜೆ ಅವರ ಮನೆಗೆ ಹೋಗಿದ್ದೆ. ಅಕ್ಕ ತಟ್ಟೆಗೆ ಊಟ ಬಡಿಸಿದ್ದರು, ಹುಡುಗಿ ತಟ್ಟೆಯ ಪಕ್ಕ ನಿಂತುಕೊಂಡು "ಕೂತ್ಕೊಳ್ಳಾ ಟೀಚರ್?" ಅಂತ ಕೇಳಿತು. ಅಕ್ಕ ಹೆಮ್ಮೆಯಿಂದ ನನ್ನ ಕಡೆ ನೋಡಿ ನಕ್ಕರು. ನಾನೂ ನಕ್ಕೆ.

ಆ ಹುಡುಗಿ ಬೆಳೆದು ಅಂಚೆ ಕಚೇರಿಯಲ್ಲಿ ಕೆಲಸಕ್ಕೆ ಸೇರಿದಳು, ಮದುವೆ ಆಗಲಿಲ್ಲ, ಅಮ್ಮನ ಜೊತೆಯೇ ಇದ್ದಳು. ಅಕ್ಕನಿಗೆ ನಿವೃತ್ತಿಗೆ ಇನ್ನೊಂದು ವರ್ಷ ಇದೆ ಅನ್ನುವಾಗ ಅವಳು ನನ್ನನ್ನು ಹುಡುಕಿಕೊಂಡು ಬಂದಳು. ಅಮ್ಮ ಹಾಲಿನ ಪಾತ್ರೆಯನ್ನು ಬಟ್ಟೆಯ ಬೀರುವಿನಲ್ಲಿಟ್ಟಿದ್ದಳಂತೆ. ಉರಿಯುವ ಸ್ಟವ್ ಬಿಟ್ಟು ಬೀಗ ಹಾಕಿಕೊಂಡು ಹೊರಟಿದ್ದಳಂತೆ. ಶಾಲೆಯಲ್ಲಿ ಹೇಗಿದ್ದಾಳೆ ಆಂಟಿ ಅಂತ ಕೇಳಿದಳು. ಮೂವತ್ತೊಂದು ಮಕ್ಕಳನ್ನು ಹೀಗೆ ಇರುವವಳ ಕೈಗೆ ಬಿಡಬಹುದಾ, ಅಷ್ಟು ಹೇಳಿ ಅಂದಳು.

ಶಾಲೆಯಲ್ಲಿ ಹೇಗಿದ್ದರು? ಹಲಗೆಯ ಆಚೆಯಿಂದ ನನಗೆ ಎಲ್ಲ ಕೇಳಿಸುತ್ತಿತ್ತು. ಎಂಟೊಂಬತ್ಲಿ ಎಷ್ಟು ಅಂತ ಕೇಳುವರು, ಮಗು ಎಪ್ಪತ್ತೆರಡು ಅನ್ನುವುದು, ಇವರು ತಪ್ಪು ಅನ್ನುವರು. ಸರಿ ಹೇಳಿದ ಮಕ್ಕಳು ಮೂಲೆಗೆ ಹೋಗುತ್ತಿದ್ದವು. ಕೇಳಿ ಕೇಳಿ ತಡೆಯಲಾರದೆ ನಾನೇ ಪ್ರಶ್ನೆಗಳನ್ನು ರಟ್ಟಿನ ಕಾರ್ಡಿನಲ್ಲಿ ಬರೆದು, ಹಿಂದೆ ಉತ್ತರ ಬರೆದು ಅವರ ಕೈಗೆ ಕೊಡತೊಡಗಿದ್ದೆ. ಕಣ್ಣು ಮಂಜಾಗಿದೆ, ದೊಡ್ಡಕ್ಷರದಲ್ಲಿ ಬರಿ ಅಂದರು. ದೊಡ್ಡಕ್ಷರದಲ್ಲೇ ಬರೆದೆ.

ಇದನ್ನೆಲ್ಲ ಅವರ ಮಗಳಿಗೆ ಹೇಳಬೇಕಿತ್ತು. ಹೇಳಲಿಲ್ಲ. ಯಾಕೆ ಅಂದರೆ ಅಕ್ಕ ಹೋದರೆ ಬೇರೆ ಟೀಚರ್ ಬರುವುದಿಲ್ಲ, ತಡಿಕೆ ತೆಗೆದು ಎರಡೂ ತರಗತಿ ಸೇರಿಸುತ್ತೇನೆ ಅಂತ ಹೆಡ್‌ಮಾಸ್ಟರು ಮೊದಲೇ ನನ್ನ ಕಿವಿಗೆ ಹಾಕಿದ್ದರು. ನನ್ನಲ್ಲಿ ಆಗಲೇ ಮೂವತ್ತೆಂಟು ತಲೆ ಇದ್ದವು, ಇನ್ನೂ ಮೂವತ್ತೊಂದು ಯಾರಿಗೆ ಬೇಕು? ಒಂದು ವರ್ಷ ತಾನೇ, ಹೇಗೋ ತಳ್ಳಿದರಾಯಿತು ಅಂದುಕೊಂಡೆ. ವಯಸ್ಸಾಯ್ತಲ್ಲ, ಸ್ವಲ್ಪ ಮರೆವು, ಬೇಕಾದರೆ ಡಾಕ್ಟರಿಗೆ ತೋರಿಸು ಅಂತ ಸಾಗಹಾಕಿದೆ. ನನ್ನಂಥ ಸ್ವಾರ್ಥಿಯನ್ನು ನಾನೇ ನೋಡಿಲ್ಲ.

ಅವಳು ತೋರಿಸಿದಳು. ಡಾಕ್ಟರು ಇವತ್ತು ಯಾವ ವಾರ, ಎಷ್ಟನೇ ತಾರೀಕು ಅಂತ ಕೇಳಿದರಂತೆ. ಆವತ್ತು ಬೆಳಿಗ್ಗೆ ತಾನೇ ಬೋರ್ಡಿನ ಮೇಲೆ ಬರೆದು ಬಂದಿದ್ದ ತಾರೀಕು, ಅಕ್ಕ ಟಪ್ ಅಂತ ಹೇಳಿದರು. ಮೂರು ಪದ ಹೇಳಿ ಸ್ವಲ್ಪ ಹೊತ್ತಿನ ಮೇಲೆ ಕೇಳಿದಾಗ ಎರಡು ನೆನಪಿತ್ತು. ಆಮೇಲೆ ಡಾಕ್ಟರು, ಈಗ ಸ್ವಲ್ಪ ಕಷ್ಟದ್ದು ಮೇಡಂ, ನೂರರಿಂದ ಏಳೇಳು ಕಳೀತಾ ಬನ್ನಿ ಅಂದರಂತೆ.

ಅಕ್ಕ ಒಂದೇ ಉಸಿರಿಗೆ ಎರಡರ ತನಕ ಇಳಿದುಬಿಟ್ಟರು. ಡಾಕ್ಟರು ಪೆನ್ನು ಕೆಳಗಿಟ್ಟು ನಗತೊಡಗಿದರು. ನನಗೇ ಇಷ್ಟು ಬೇಗ ಬರಲ್ಲ ಮೇಡಂ ಅಂದರು. ಇದು ಇಪ್ಪತ್ತಾರು ವರ್ಷದ ಗಿಳಿಪಾಠ ಅಂತ ಹೇಳಬೇಕಾದವಳು ಅಲ್ಲೇ ಪಕ್ಕದಲ್ಲಿದ್ದಳು. ಆದರೆ ನೂರರಿಂದ ಏಳು ಅಂದ ಕೂಡಲೇ ಅವಳು ತನಗೆ ಗೊತ್ತಿಲ್ಲದೆ ಕುರ್ಚಿ ಬಿಟ್ಟು ನಿಂತಿದ್ದಳಂತೆ. ಮೂವತ್ತೆರಡು ವರ್ಷದ ಹೆಣ್ಣುಮಗಳು, ಬಾಯಿ ಒಣಗಿ, ಕೈ ಎರಡೂ ಮೈಗೆ ಅಂಟಿಸಿಕೊಂಡು. "ನಾಲಿಗೆ ಹೊರಳಲೇ ಇಲ್ಲ ಆಂಟಿ" ಅಂತ ಆಮೇಲೆ ನನ್ನ ಮುಂದೆ ಅತ್ತಳು. ಡಾಕ್ಟರು ಅಮ್ಮನನ್ನು ಬಿಟ್ಟು ಮಗಳ ಮುಖ ನೋಡಿ, ನೀವೇ ಸುಮ್ಮನೆ ತಲೆ ಕೆಡಿಸಿಕೊಂಡಿದ್ದೀರಿ, ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಅಂದು, ಅಮ್ಮನಿಗೆ ಏನೂ ತೊಂದರೆ ಇಲ್ಲ ಅಂತ ಚೀಟಿ ಬರೆದುಕೊಟ್ಟರು.

ಆ ಚೀಟಿ ಹಿಡಿದುಕೊಂಡು ಅಕ್ಕ ಮರುದಿನ ಸ್ಟಾಫ್‌ರೂಮಿಗೆ ಬಂದರು. ಎಲ್ಲರಿಗೂ ತೋರಿಸಿದರು. ನನ್ನ ಮಗಳು ನನಗೆ ಹುಚ್ಚಿ ಪಟ್ಟ ಕಟ್ಟೋಕೆ ಹೊರಟಿದ್ದಳು ಅಂದರು. ಹೆಡ್‌ಮಾಸ್ಟರು ಓದಿ, ಸಂತೋಷ ಮೇಡಂ ಅಂದರು. ನನಗೂ ಸಂತೋಷವೇ ಆಯಿತು.

ಅದಾದ ಮೂರನೇ ವಾರದ ಶನಿವಾರ ಅದು ನಡೆಯಿತು. ಶನಿವಾರ ಅರ್ಧ ದಿನ, ಹನ್ನೆರಡೂವರೆಗೆ ಶಾಲೆ ಬಿಡುತ್ತದೆ. ಹನ್ನೆರಡು ದಾಟಿತ್ತು, ನಾನು ಕಾಪಿ ಪುಸ್ತಕ ತಿದ್ದುತ್ತಿದ್ದೆ. ಆ ಕಡೆಯಿಂದ "ನಿಂತ್ಕೊಳ್ಳಿ" ಅಂತ ಕೇಳಿಸಿತು. ಬೆಳಿಗ್ಗೆ ಒಂದು ಸಲ ಆಗಿದ್ದ ಬಾಯಿಲೆಕ್ಕ ಮತ್ತೆ ಮೊದಲಿನಿಂದ ಶುರುವಾಯಿತು. ಮೂವತ್ತೊಂದು ಮಕ್ಕಳಲ್ಲಿ ಒಂದೂ ಆಗಲೇ ಆಯ್ತು ಟೀಚರ್ ಅನ್ನಲಿಲ್ಲ, ಯಾರಿಗಿದೆ ಆ ಧೈರ್ಯ? ನಾನು ಕೆಂಪು ಪೆನ್ನು ಹಿಡಿದುಕೊಂಡೇ ಒಂದು ಸಲ ತಲೆ ಎತ್ತಿದೆ. ಏಳೆಂಟ್ಲಿ ಎಷ್ಟು ಅಂತ ಕೊನೆಯ ಪ್ರಶ್ನೆ ಕೇಳಿಸಿತು, ಮತ್ತೆ ತಗ್ಗಿಸಿದೆ. ಬಿಡುವ ಗಂಟೆ ಆಯಿತು, ಮಕ್ಕಳು ಹೋ ಅಂತ ಓಡಿದವು, ಅಕ್ಕ ಚೀಲ ಹೆಗಲಿಗೆ ಹಾಕಿಕೊಂಡು ನನ್ನ ಕಿಟಕಿಯ ಮುಂದೆಯೇ ಹಾದುಹೋದರು. ಜವಾನ ತೆರೆದ ಬಾಗಿಲಲ್ಲೇ ನಿಂತು ಕೋಣೆಯನ್ನೊಮ್ಮೆ ನೋಡಿದ, ಬಾಗಿಲೆಳೆದು ಬೀಗ ಹಾಕಿದ. ತೆರೆದ ಬಾಗಿಲ ಹಿಂದೆ ಏನಿದೆ ಅಂತ ಯಾರು ನೋಡುತ್ತಾರೆ?

ಸಂಜೆ ಆರಕ್ಕೆ ಊರಿನ ಒಬ್ಬ ದರ್ಜಿ ಮತ್ತವನ ಹೆಂಡತಿ ಶಾಲೆಯ ಗೇಟಿನಲ್ಲಿದ್ದರು. ಮೂರನೇ ತರಗತಿಯ ಅವರ ಮಗಳು ಶನಿವಾರ ಶಾಲೆಯಿಂದ ನೇರ ಅಜ್ಜಿಯ ಮನೆಗೆ ಹೋಗುತ್ತಿದ್ದಳು, ಸಂಜೆ ಕರೆಯಲು ಹೋದರೆ ಇವತ್ತು ಮಗು ಬರಲೇ ಇಲ್ಲ ಅಂತ ಅಜ್ಜಿ ಅಂದರಂತೆ. ಅವರು ಅಕ್ಕನ ಮನೆಗೆ ಓಡಿ, ಅಕ್ಕನನ್ನೂ ಅಕ್ಕನ ಮಗಳನ್ನೂ ಕರೆದುಕೊಂಡು ಬಂದಿದ್ದರು. ನನ್ನ ಮನೆ ಶಾಲೆಯ ಹಿಂದೆಯೇ, ಗಲಾಟೆ ಕೇಳಿ ನಾನೂ ಹೋದೆ. ಜವಾನ ಗೊಣಗುತ್ತ ಬೀಗ ತೆಗೆದು, ನೋಡಿ, ನರಪಿಳ್ಳೆ ಇಲ್ಲ ಅಂದ.

ಅಕ್ಕನ ಮಗಳು ಅವನನ್ನು ತಳ್ಳಿಕೊಂಡು ಒಳಗೆ ಹೋಗಿ ಬಾಗಿಲನ್ನು ಗೋಡೆಯಿಂದ ಈಚೆಗೆ ಎಳೆದಳು. ಬೇರೆ ಎಲ್ಲೂ ಅವಳು ನೋಡಲೇ ಇಲ್ಲ.

ಮಗು ನಿಂತಿತ್ತು. ಹಿಮ್ಮಡಿ ಗೋಡೆಗೆ ತಾಗಿತ್ತು, ಎರಡು ಜಡೆ, ಎರಡೂ ಕೈ ಮೈಗೆ ಅಂಟಿದ್ದವು. ಕಾಲುಚೀಲ ಒದ್ದೆಯಾಗಿ ಕೆಳಗೆ ನೆಲವೂ ಒದ್ದೆಯಾಗಿತ್ತು. ಐದೂವರೆ ಗಂಟೆ. ಅಪ್ಪ ಬಾ ಮಗಳೇ ಅಂತ ಕೈ ಚಾಚಿದ. ಅದು ಅಪ್ಪನ ಕಡೆ ತಿರುಗಿಯೂ ನೋಡಲಿಲ್ಲ. ಅಕ್ಕನ ಮುಖವನ್ನೇ ನೋಡುತ್ತ "ಐವತ್ತಾರು ಟೀಚರ್" ಅಂದಿತು.

ಅಕ್ಕ ಆ ಮಗುವನ್ನು ತಲೆಯಿಂದ ಕಾಲಿನ ತನಕ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ಯಾರ ಮಗು ಇದು? ಇಷ್ಟು ಹೊತ್ತು ನಿಲ್ಸಿದೀಯಲ್ಲ, ನಿಂಗೆ ಕರುಣೆ ಅನ್ನೋದಿಲ್ವಾ?"

ದರ್ಜಿ ಮಗುವನ್ನು ಎತ್ತಿಕೊಳ್ಳಲು ನೋಡಿದ, ಅದು ಕಂಬದ ಹಾಗೆ ಸೆಟೆದುಕೊಂಡಿತ್ತು, ಕಾಲು ಮಡಿಸಲೊಲ್ಲದು. ಅಕ್ಕನ ಮಗಳು ಅಮ್ಮನ ರಟ್ಟೆ ಹಿಡಿದಳು.

"ಅಮ್ಮ, ಕೂತ್ಕೋ ಅನ್ನು."

"ಯಾರಿಗೆ? ಯಾಕೆ?"

"ಸುಮ್ನೆ ಅನ್ನು. ನಿನ್ನ ಕಾಲಿಗೆ ಬೀಳ್ತೀನಿ."

"ಕೂತ್ಕೋ" ಅಂದರು ಅಕ್ಕ. ಮಗು ಆ ಒದ್ದೆ ನೆಲದ ಮೇಲೆಯೇ ದೊಪ್ಪನೆ ಕೂತು, ಆಗ ಅಳತೊಡಗಿತು.

ದರ್ಜಿ ಮಗುವನ್ನು ಬೇರೆ ಶಾಲೆಗೆ ಹಾಕಿದ. ಅಲ್ಲಿ ಅದು ಬಾಯಿ ಬಿಡುವುದೇ ಇಲ್ಲವಂತೆ, ಯಾರಾದರೂ ಹೆಸರು ಕೂಗಿದರೆ ಎದ್ದು ನಿಲ್ಲುತ್ತದಂತೆ, ಅಷ್ಟೇ. ಅಕ್ಕನನ್ನು ಮನೆಗೆ ಕಳಿಸಿದರು. ವಿಚಾರಣೆಗೆ ಬಂದವರು ನಿಮಗೆ ಮೊದಲೇ ಏನಾದರೂ ಗೊತ್ತಿತ್ತಾ ಅಂತ ನನ್ನನ್ನು ಕೇಳಿದರು. ಡಾಕ್ಟರ ಚೀಟಿ ಇತ್ತಲ್ಲ ಸಾರ್ ಅಂದೆ. ಸೋಮವಾರ ಜವಾನ ಹಲಗೆಯ ತಡಿಕೆ ಬಿಚ್ಚಿದ. ಈಗ ನನ್ನ ಮುಂದೆ ಅರವತ್ತೆಂಟು ಮಕ್ಕಳಿದ್ದಾರೆ, ಬಾಯಿಲೆಕ್ಕ ಬಿಟ್ಟಿದ್ದೇನೆ, ಮಗ್ಗಿ ಯಾರಿಗೂ ಬರುವುದಿಲ್ಲ.

ರಜೆಯಲ್ಲಿ ಒಂದು ಬೆಳಿಗ್ಗೆ ಅಕ್ಕನನ್ನು ನೋಡಲು ಹೋದೆ. ಎಷ್ಟು ದಿನ ಅಂತ ತಪ್ಪಿಸಿಕೊಳ್ಳುವುದು? ಅವರ ಮಗಳು ಬಾಗಿಲು ತೆರೆದು, ಬನ್ನಿ ಆಂಟಿ ಅಂದು ಅಡುಗೆಮನೆಗೆ ಕರೆದುಕೊಂಡು ಹೋಗಿ ಟೀ ಇಟ್ಟಳು. ಅಮ್ಮ ಎಲ್ಲಿ ಅಂದೆ. ಅವಳು ನಡುಮನೆಯ ಕಡೆ ಗದ್ದ ಎತ್ತಿ ತೋರಿಸಿದಳು. ಅಲ್ಲಿ ಕೋಣೆಯ ಬಾಗಿಲ ಹಿಂದೆ, ಗೋಡೆಗೆ ಹಿಮ್ಮಡಿ ತಾಗಿಸಿ ಅಕ್ಕ ನಿಂತಿದ್ದರು. ಕೊರಳಲ್ಲಿ ಸ್ಟಾಪ್‌ವಾಚು ಇರಲಿಲ್ಲ. ದಿನಾ ಒಂಬತ್ತೂವರೆ ಆದ ಕೂಡಲೇ ತಾನಾಗಿ ಹೋಗಿ ನಿಲ್ಲುತ್ತಾಳೆ, ಯಾರೂ ಕಲಿಸಿದ್ದಲ್ಲ ಅಂದಳು ಮಗಳು.

ನಾನು ಹತ್ತಿರ ಹೋಗಿ, ಅಕ್ಕ, ಕೂತ್ಕೊಳ್ಳಿ ಅಂದೆ. ಅವರು ನನ್ನನ್ನು ದಾಟಿ ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದರು. ತುಟಿ ಅಲುಗುತ್ತಿತ್ತು. ಕಾಲು ಊದಿಕೊಂಡಿದ್ದವು.

"ನೀವಂದ್ರೆ ಕೂರಲ್ಲ ಆಂಟಿ" ಅಂದಳು ಮಗಳು ಟೀ ಸೋಸುತ್ತ. "ನಾನೇ ಅನ್ಬೇಕು."

"ಮತ್ತೆ ಅನ್ನೇ ತಾಯಿ. ಆಗ್ಲೇ ಹತ್ತಾಯ್ತು."

ಅವಳು ಗೋಡೆ ಗಡಿಯಾರ ನೋಡಿದಳು. ನನ್ನ ಮುಂದೆ ಲೋಟ ಇಟ್ಟು, ತನ್ನ ಲೋಟ ಹಿಡಿದುಕೊಂಡು ಸ್ಟೂಲಿನ ಮೇಲೆ ಆರಾಮವಾಗಿ ಕೂತಳು.

"ಇಂಟರ್‌ವಲ್ ಆಗ್ಲಿ" ಅಂದಳು.

ಆ ಹುಡುಗಿ ನನ್ನ ಕಣ್ಣಿಗೆ ಕಣ್ಣಿಟ್ಟು ನೋಡುತ್ತಿದ್ದಳು. ಅವಳ ತಟ್ಟೆಯ ಪಕ್ಕದಲ್ಲಿ ನಾನು ನಕ್ಕಿದ್ದ ಸಂಜೆ ಅವಳಿಗೆ ಮರೆತಿರಲಿಲ್ಲ. ನಾನು ಕೂತು, ಟೀ ಪೂರ್ತಿ ಕುಡಿದು ಬಂದೆ.